ಅಮೆರಿಕನ್ ಕಾವ್ಯದಲ್ಲಿ ದೇಶ, ದುಡಿಮೆ, ಭರವಸೆ: ಮುಖ್ಯಾಂಶಗಳು

ನೆನಪಿಡಬೇಕಾದ ಎಳೆ ಒಂದೇ. ದುಡಿಯುವವರಿಗೆ ದೇಶದಲ್ಲಿ ಪಾಲಿದೆ ಎಂಬ ಮಾತು ವಿಟ್ಮನ್ ಕಾಲದಿಂದಲೂ ಅಮೆರಿಕನ್ ಕಾವ್ಯದಲ್ಲಿ ಹರಿದುಬಂದಿದೆ. ಯಾರ ದುಡಿಮೆ ಲೆಕ್ಕಕ್ಕೆ ಬಂತು, ಯಾರದು ಬರಲಿಲ್ಲ ಎಂಬ ಜಗಳವೂ ಅದರೊಳಗೇ ಇದೆ. ಕವಿಗಳ ಹೆಸರು, ಇಸವಿಗಳನ್ನು ಈ ಎಳೆಗೆ ಪೋಣಿಸಿದರೆ ದೊಡ್ಡ ಉತ್ತರ ತಾನಾಗಿ ನಿಲ್ಲುತ್ತದೆ.

ವಾಲ್ಟ್ ವಿಟ್ಮನ್ (1819–1892)

• ಜನನ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡಿನಲ್ಲಿ. ತಂದೆ ಬಡಗಿ. ಸ್ವತಃ ಅಚ್ಚುಮೊಳೆ ಜೋಡಿಸಿದವರು, ಮೇಷ್ಟರಾಗಿದ್ದವರು, ಪತ್ರಕರ್ತರು.
• 1855ರಲ್ಲಿ ಸ್ವಂತ ಖರ್ಚಿನಲ್ಲಿ 'ಲೀವ್ಸ್ ಆಫ್ ಗ್ರಾಸ್' ಪ್ರಕಟಣೆ. ಆಗ ಇದ್ದದ್ದು 12 ಕವಿತೆ. ಸಾಯುವವರೆಗೂ ಅದೇ ಪುಸ್ತಕವನ್ನು ತಿದ್ದಿ ಬೆಳೆಸುತ್ತ ಹೋದರು.
• ಪ್ರಾಸ, ಮಾತ್ರೆಗಳ ಕಟ್ಟು ಬಿಟ್ಟ ಉದ್ದನೆಯ ಸಾಲುಗಳ ಮುಕ್ತಛಂದಸ್ಸು. ಎಲ್ಲರಿಗೂ ಜಾಗವಿರುವ ದೇಶಕ್ಕೆ ಎಲ್ಲವನ್ನೂ ಹಿಡಿಸುವ ಸಾಲು ಬೇಕಿತ್ತು.

'ಐ ಹಿಯರ್ ಅಮೆರಿಕ ಸಿಂಗಿಂಗ್' 1860ರ ಆವೃತ್ತಿಯಲ್ಲಿ ಬಂದ ಕವಿತೆ. ಬಡಗಿ, ಗಾರೆಯವನು, ದೋಣಿಯವನು, ಚಪ್ಪಲಿ ಹೊಲಿಯುವವನು, ಬಟ್ಟೆ ಒಗೆಯುವ ಹುಡುಗಿ, ಹೀಗೆ ಪ್ರತಿಯೊಬ್ಬರೂ ತಮ್ಮ ಕೆಲಸದಲ್ಲಿ ತಮ್ಮದೇ ಹಾಡು ಹಾಡುತ್ತಾರೆ. ಅಧ್ಯಕ್ಷ, ಸೇನಾಪತಿ, ಧನಿಕ ಯಾರೂ ಅಲ್ಲಿಲ್ಲ. ಆ ವರ್ಷ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಅವರ ಹಾಡೂ ಈ ಪಟ್ಟಿಯಲ್ಲಿಲ್ಲ. ಹಾಗೆಂದು ವಿಟ್ಮನ್ ಗುಲಾಮರನ್ನು ಮರೆತೇಬಿಟ್ಟರು ಎಂದು ಬರೆಯಬೇಡಿ. 'ಸಾಂಗ್ ಆಫ್ ಮೈಸೆಲ್ಫ್' ಕವಿತೆಯಲ್ಲಿ ಓಡಿಬಂದ ಗುಲಾಮನಿಗೆ ಮನೆಯಲ್ಲಿ ಆಶ್ರಯ ಕೊಡುವ ಭಾಗವಿದೆ.

ಲ್ಯಾಂಗ್‌ಸ್ಟನ್ ಹ್ಯೂಸ್ (1901–1967)

ಹಾರ್ಲೆಂ ನವೋದಯದ ಮುಖ್ಯ ಕವಿ. ಹಡಗಿನಲ್ಲಿ, ಹೋಟೆಲಿನಲ್ಲಿ ದುಡಿದವರು. ಉಂಡವರ ತಟ್ಟೆ ಎತ್ತುವ ಕೆಲಸವನ್ನೂ ಮಾಡಿದವರು. 1925ರ 'ಐ, ಟೂ' ವಿಟ್ಮನ್‌ಗೆ ಕೊಟ್ಟ ಉತ್ತರ ಎಂದೇ ಓದಬೇಕು. ನೆಂಟರು ಬಂದಾಗ ಅಡುಗೆಮನೆಯಲ್ಲಿ ಉಣ್ಣಲು ಕಳಿಸಲ್ಪಟ್ಟ ಕಪ್ಪು ಸೋದರ ಅಲ್ಲಿ ಮಾತಾಡುತ್ತಾನೆ. ಅವನು ಮನೆ ಬಿಟ್ಟು ಹೋಗುವುದಿಲ್ಲ, ಬೇಡುವುದೂ ಇಲ್ಲ. ನಗುತ್ತಾನೆ, ಚೆನ್ನಾಗಿ ಉಣ್ಣುತ್ತಾನೆ, ಬಲಿಯುತ್ತಾನೆ, ನಾಳೆ ಊಟದ ಮೇಜಿಗೆ ಬಂದು ಕೂರುತ್ತೇನೆ ಎನ್ನುತ್ತಾನೆ. ಅಮೆರಿಕನ್ ಕಾವ್ಯದಲ್ಲಿ ಭರವಸೆ ಇಷ್ಟು ನೆಟ್ಟಗೆ ನಿಂತ ಜಾಗ ಇನ್ನೊಂದನ್ನು ನಾನು ಕಂಡಿಲ್ಲ.

• 1936: ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ 'ಲೆಟ್ ಅಮೆರಿಕ ಬಿ ಅಮೆರಿಕ ಅಗೇನ್'. ಬಡ ಬಿಳಿಯ, ಕರಿಯ, ಮೂಲನಿವಾಸಿ, ವಲಸಿಗ, ಎಲ್ಲರೂ ಒಂದೇ ದನಿಯಲ್ಲಿ ಮಾತು ತಪ್ಪಿದ ದೇಶವನ್ನು ಕೇಳುತ್ತಾರೆ.
• 1951: 'ಹಾರ್ಲೆಂ'. ಮುಂದೂಡಿದ ಕನಸು ಏನಾಗುತ್ತದೆ ಎಂಬ ಪ್ರಶ್ನೆ. ಲೊರೇನ್ ಹ್ಯಾನ್ಸ್‌ಬರಿ ಅವರ 1959ರ ನಾಟಕದ ಹೆಸರು ಈ ಕವಿತೆಯಿಂದ ಬಂದದ್ದು.

ಉಳಿದವರು, ಚುಟುಕಾಗಿ

• ಎಮ್ಮಾ ಲಾಜರಸ್: 'ದಿ ನ್ಯೂ ಕೊಲಾಸಸ್' (1883), 14 ಸಾಲಿನ ಸುನೀತ. ಸ್ವಾತಂತ್ರ್ಯ ಪ್ರತಿಮೆಯ ಪೀಠಕ್ಕೆ ಹಣ ಕೂಡಿಸಲು ಬರೆದದ್ದು. ಪೀಠದಲ್ಲಿ ಫಲಕವಾದದ್ದು 1903ರಲ್ಲಿ, ಕವಿ ತೀರಿಕೊಂಡ 16 ವರ್ಷಗಳ ಮೇಲೆ. ವಲಸಿಗರನ್ನು ಕರೆಯುವ ತಾಯಿಯಾಗಿ ಆ ಪ್ರತಿಮೆಯನ್ನು ಜನ ನೋಡುವುದಕ್ಕೆ ಈ ಕವಿತೆಯೇ ಬಹುಪಾಲು ಕಾರಣ.
• ಕಾರ್ಲ್ ಸ್ಯಾಂಡ್‌ಬರ್ಗ್: 'ಶಿಕಾಗೊ' (1914). ನಗರವೇ ಗಟ್ಟಿಮುಟ್ಟಾದ ಕೂಲಿಯಾಳು. ಅದರ ಹಸಿವು, ಕೇಡುಗಳನ್ನು ಒಪ್ಪಿಕೊಂಡೇ ಹೊಗಳುತ್ತಾರೆ.
• ಫಿಲಿಪ್ ಲೆವಿನ್: ಡೆಟ್ರಾಯಿಟ್‌ನ ಮೋಟಾರು ಕಾರ್ಖಾನೆಗಳಲ್ಲಿ ದುಡಿದವರು. 'ವಾಟ್ ವರ್ಕ್ ಈಸ್' 1991ರ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ಶೀರ್ಷಿಕೆ ಕವಿತೆಯಲ್ಲಿ ಕೆಲಸಕ್ಕಾಗಿ ಮಳೆಯಲ್ಲಿ ಸಾಲು ನಿಂತವರಿದ್ದಾರೆ. ವಿಟ್ಮನ್‌ನ ಹಾಡುವ ಕೆಲಸಗಾರರ ಪಕ್ಕದಲ್ಲಿ ಇವರನ್ನಿಟ್ಟು ನೋಡಿ.
• ಗ್ವೆಂಡೊಲಿನ್ ಬ್ರೂಕ್ಸ್: 1950ರಲ್ಲಿ ಪುಲಿಟ್ಜರ್. ಆ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್-ಅಮೆರಿಕನ್.
• ಜಾಯ್ ಹಾರ್ಜೊ: 2019ರಲ್ಲಿ ಅಮೆರಿಕದ ಮೊದಲ ಮೂಲನಿವಾಸಿ ರಾಷ್ಟ್ರಕವಿ.
• ಅಧ್ಯಕ್ಷರ ಪ್ರಮಾಣವಚನದಲ್ಲಿ ಕವಿತೆ ಓದಿದವರಲ್ಲಿ ಕೆಲವರು: ರಾಬರ್ಟ್ ಫ್ರಾಸ್ಟ್ (1961, ಮೊದಲಿಗರು), ಮಾಯಾ ಏಂಜೆಲೊ (1993), ರಿಚರ್ಡ್ ಬ್ಲಾಂಕೊ (2013), 22ರ ಹರೆಯದ ಅಮಾಂಡಾ ಗೋರ್ಮನ್ (2021).

ಪರೀಕ್ಷೆಗೆ ಕೂರುವವರಿಗೆ ಒಂದು ಮಾತು: 'ಐ ಹಿಯರ್ ಅಮೆರಿಕ ಸಿಂಗಿಂಗ್' 11 ಸಾಲು, 'ಐ, ಟೂ' 18 ಸಾಲು. ಗೈಡ್ ತೆರೆಯುವ ಮುನ್ನ ಎರಡನ್ನೂ ಜೊತೆಗಿಟ್ಟುಕೊಂಡು ಒಮ್ಮೆ ಗಟ್ಟಿಯಾಗಿ ಓದಿ.