ಹೊಳಪು ಎಲ್ಲಿ ನಿಲ್ಲುತ್ತದೆ, ಅದನ್ನು ನೋಡು

ನೀನು ವಾಟ್ಸಾಪಿನಲ್ಲಿ ಕಳಿಸಿದ, ಅಮೆರಿಕದ ಹಳೇ ಬೆಳ್ಳಿ ನಾಣ್ಯ ಮಾರ್ಗನ್ ಡಾಲರಿನ ಫೋಟೋ ನೋಡಿದೆ ಕಣೋ. 1881ನೇ ಇಸವಿ, ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯದು. "ಕನ್ನಡಿ ಥರ ಹೊಳೀತಿದೆ ಮಾವ, ಮಾರೋನು ಪ್ರೂಫ್‌ಲೈಕ್ ಅಂತಿದಾನೆ, ತಗೊಳ್ಲಾ?" ಅಂತ ಕೇಳಿದ್ದೀಯ. ಫೋಟೋ ನೋಡಿ ಹೂಂ ಅನ್ನಲೂ ಆಗದು, ಊಹೂಂ ಅನ್ನಲೂ ಆಗದು. ಒಂದೇ ಕೋನದಲ್ಲಿ ಬೆಳಕು ಬಿಟ್ಟು ತೆಗೆದರೆ ಸಬೀನಾ ಹಾಕಿ ತಿಕ್ಕಿದ ತಟ್ಟೆಯೂ ಕನ್ನಡಿಯೇ. ದುಡ್ಡು ಕೊಡುವ ಮುಂಚೆ ನಾಣ್ಯ ನಿನ್ನ ಕೈಗೆ ಬರಬೇಕು, ದೀಪದ ಕೆಳಗೆ ಅದನ್ನು ಅತ್ತಿತ್ತ ವಾಲಿಸಬೇಕು.

ಹುಟ್ಟಿನಿಂದ ಬಂದ ಹೊಳಪು ನಾಣ್ಯದ್ದಲ್ಲ, ಅಚ್ಚಿನದು. ಇದೊಂದು ಮನಸ್ಸಿಗೆ ಹತ್ತಿದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಅಚ್ಚಿನಲ್ಲಿ ಎಲ್ಲವೂ ತಲೆಕೆಳಗು. ನಾಣ್ಯದಲ್ಲಿ ಉಬ್ಬಿ ನಿಂತ ಮುಖ, ಹದ್ದು, ಅಕ್ಷರ ಇವೆಲ್ಲ ಅಚ್ಚಿನಲ್ಲಿ ಗುಳಿಗಳು. ನಾಣ್ಯದ ಬೋಳು ಜಾಗವೇ ಅಚ್ಚಿನಲ್ಲಿ ಎತ್ತರ. ಹೊಸ ಅಚ್ಚನ್ನು ಯಂತ್ರಕ್ಕೆ ಹಾಕುವ ಮುಂಚೆ ತಿರುಗುವ ಸತುವಿನ ತಟ್ಟೆಗೆ ಒತ್ತಿ ನಯಗೊಳಿಸುತ್ತಿದ್ದರು. ತಟ್ಟೆ ತಗಲುವುದು ಎತ್ತರದ ಜಾಗಕ್ಕೆ ಮಾತ್ರ, ಗುಳಿಯೊಳಗೆ ಇಳಿಯದು. ಅಂಥ ಅಚ್ಚಿನಿಂದ ಮೊದಮೊದಲು ಬಿದ್ದ ನಾಣ್ಯಗಳಲ್ಲಿ ಬೋಳು ಜಾಗ ಕನ್ನಡಿ, ಮುಂಬದಿಯ ಲಿಬರ್ಟಿ ದೇವಿಯ ಕೆನ್ನೆ ಮಾತ್ರ ಮಂಜು ಕೂತಂತೆ ಬಿಳುಪು. ಪ್ರೂಫ್‌ಲೈಕ್ ಅನ್ನುವುದು ಇದಕ್ಕೇ. ಹೊಡೆತ ಹೆಚ್ಚಿದಂತೆಲ್ಲ ಬೆಳ್ಳಿ ಹರಿದು ಹರಿದು ಅಚ್ಚಿನ ಮೈ ತರಿಯಾಗುತ್ತದೆ, ಕನ್ನಡಿ ಮಾಯವಾಗಿ ಸಾಮಾನ್ಯ ಹೊಸ ಬೆಳ್ಳಿಯ ಕಾಂತಿ ಉಳಿಯುತ್ತದೆ.

ಹಳೇ ನಾಣ್ಯಕ್ಕೆ ಆಮೇಲೆ ಪಾಲಿಶ್ ಮಾಡಿ ಹೊಳಪು ತರಿಸುವವನ ಬಟ್ಟೆ ಓಡುವುದು ಅಚ್ಚಿನ ಮೇಲಲ್ಲ, ನಾಣ್ಯದ ಮೇಲೆ. ಅದಕ್ಕೆ ಮೊದಲು ಸಿಗುವುದು ಉಬ್ಬಿದ ಭಾಗ. ಹೀಗಾಗಿ ಕೆನ್ನೆಯೂ ಹೊಳೆಯುತ್ತದೆ, ಬೋಳು ಜಾಗವೂ ಹೊಳೆಯುತ್ತದೆ, ಹೊಳೆಯದೆ ಉಳಿಯುವುದು ಮೂಲೆಮುಡುಕು. ಹತ್ತರಷ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇಟ್ಟುಕೊಂಡು ಹಿಂಬದಿಯ 'ಯುನೈಟೆಡ್ ಸ್ಟೇಟ್ಸ್ ಆಫ್ ಅಮೆರಿಕಾ' ಬರಹವನ್ನು ನೋಡು. ಅದರಲ್ಲಿ 'ಎ' ಮೂರು ಸಲ ಬರುತ್ತದೆ. ಆ ಅಕ್ಷರದ ಹೊಟ್ಟೆಯೊಳಗೆ ಪುಟ್ಟ ತ್ರಿಕೋನ ಇದೆಯಲ್ಲ, ಅದೂ ಅಚ್ಚಿನಲ್ಲಿ ಎತ್ತರದ ಜಾಗವೇ. ಅಸಲಿ ಕನ್ನಡಿಯಾದರೆ ಆ ತ್ರಿಕೋನದ ತಳವೂ ಹೊಳೆಯಬೇಕು, ಅಕ್ಷರದ ಬುಡದವರೆಗೂ ಹೊಳಪು ಬಂದು ಗೆರೆ ಕೊರೆದಂತೆ ನಿಲ್ಲಬೇಕು. ಬಟ್ಟೆಯ ತುದಿ ಅಲ್ಲಿಗೆ ಇಳಿಯುವುದು ಕಷ್ಟ. ಪಾಲಿಶ್ ಮಾಡಿದ್ದರಲ್ಲಿ ಅಲ್ಲಿ ಮಸುಕೋ, ಪೇಸ್ಟಿನ ಬೂದಿಯೋ, ಹಳೇ ಕಿಲುಬೋ ಕೂತಿರುತ್ತದೆ. ಹದ್ದಿನ ಕುತ್ತಿಗೆಗೂ ರೆಕ್ಕೆಗೂ ನಡುವಿನ ಸಂದಿನಲ್ಲೂ ಇದೇ ಪರೀಕ್ಷೆ.

ಗೀರುಗಳನ್ನು ಕಂಡ ತಕ್ಷಣ ಹೆದರಬೇಡ. ಕನ್ನಡಿಯಂಥ ಮಾರ್ಗನ್‌ಗಳಲ್ಲಿ ಸಣ್ಣ ಗೀರು ಇದ್ದೇ ಇರುತ್ತದೆ. ಅಚ್ಚನ್ನು ತಿಕ್ಕುವಾಗ ಬಿದ್ದ ಗೀರು ಅಚ್ಚಿನಲ್ಲಿ ತಗ್ಗು, ಆದ್ದರಿಂದ ನಾಣ್ಯದಲ್ಲಿ ಉಬ್ಬು. ಅದು ಬೋಳು ಜಾಗದಲ್ಲಿ ಓಡಿ ಬಂದು ಅಕ್ಷರದ ಬುಡದಲ್ಲಿ ನಿಂತು, ಅಕ್ಷರದ ಆಚೆ ಬದಿಯಲ್ಲಿ ಅದೇ ನೇರಕ್ಕೆ ಮುಂದುವರಿಯುತ್ತದೆ. ಅಕ್ಷರದ ನೆತ್ತಿ ಹತ್ತುವುದಿಲ್ಲ. ಬಟ್ಟೆಯಿಂದಾದ ಗೀರು ನಾಣ್ಯದಲ್ಲೇ ತಗ್ಗು. ಅದಕ್ಕೆ ಗಡಿಯ ಹಂಗಿಲ್ಲ. ಬೋಳು ಜಾಗದಿಂದ ನೇರ ಕೆನ್ನೆ ಮೇಲೆ ಹತ್ತಿ ಕೂದಲೊಳಗೆ ಹೋಗುತ್ತದೆ. ಉಬ್ಬೋ ತಗ್ಗೋ ಗೊತ್ತಾಗದಿದ್ದರೆ ನಾಣ್ಯವನ್ನು ನಿಧಾನ ತಿರುಗಿಸು, ನೆರಳು ಯಾವ ಬದಿಗೆ ಬೀಳುತ್ತದೆ ಅಂತ ಹತ್ತಿರದ ಅಕ್ಷರದ ನೆರಳಿನ ಜೊತೆ ಹೋಲಿಸು. ಹತ್ತು ನಾಣ್ಯ ನೋಡುವಷ್ಟರಲ್ಲಿ ಕಣ್ಣು ಪಳಗುತ್ತದೆ.

ಇನ್ನೊಂದು ಸುಳಿವು ಸವಕಳಿ. ಲಿಬರ್ಟಿಯ ಕಿವಿಯ ಮೇಲಿನ ಕೂದಲು, ಹದ್ದಿನ ಎದೆಯ ಗರಿ, ಇವು ಮೊದಲು ಸವೆಯುತ್ತವೆ. ಅವು ಚಪ್ಪಟೆಯಾಗಿದ್ದೂ ನಾಣ್ಯದ ನಡುಭಾಗ ಥಳಥಳ ಎಂದರೆ ಅಲ್ಲಿ ಯಾರದೋ ಕೈವಾಡ ಇದೆ. ಜೇಬಿನಲ್ಲಿ ಓಡಾಡಿದ ನಾಣ್ಯ ಕನ್ನಡಿಯನ್ನು ಕಳೆದುಕೊಳ್ಳುವುದು ತೆರೆದ ಜಾಗದಲ್ಲಿ ಮೊದಲು. ಉಳಿದಿದ್ದರೆ ಅಕ್ಷರಗಳ ಮರೆಯಲ್ಲಿ ಉಳಿದಿರುತ್ತದೆ. ಪಾಲಿಶ್ ಆದದ್ದರಲ್ಲಿ ಲೆಕ್ಕ ಉಲ್ಟಾ. ಹಾಗಂತ ಕಲೆಯಿಲ್ಲದ ನಾಣ್ಯವನ್ನೇ ಹುಡುಕಿಕೊಂಡು ಹೋಗಬೇಡ. ಸಾವಿರ ಡಾಲರುಗಳನ್ನು ಒಂದೇ ಚೀಲಕ್ಕೆ ಸುರಿಯುತ್ತಿದ್ದರು, ಚೀಲದ ತೂಕ ಇಪ್ಪತ್ತಾರು ಕಿಲೋ ದಾಟುತ್ತಿತ್ತು. ಒಂದಕ್ಕೊಂದು ಬಡಿದ ಗುರುತು ಕನ್ನಡಿಯಂಥ ಮೈಮೇಲೆ ಇನ್ನೂ ಎದ್ದು ಕಾಣುತ್ತದೆ. ಆ ಗುರುತುಗಳ ಅಂಚು ಚೂಪಾಗಿದ್ದರೆ ನನಗೆ ಸಮಾಧಾನ. ಕರಗಿದ ಹಾಗೆ ಮೊಂಡಾಗಿದ್ದರೆ ಅನುಮಾನ.

ಹೊಳಪಿನ ಆಳ ಅಳೆಯುವುದು ಸುಲಭ. ಅಚ್ಚಾದ ಕಾಗದವನ್ನು ನಾಣ್ಯದೆದುರು ಹಿಡಿ. ಎರಡರಿಂದ ನಾಲ್ಕು ಅಂಗುಲ ದೂರದಿಂದ ಅಕ್ಷರ ಸ್ಪಷ್ಟವಾಗಿ ಪ್ರತಿಫಲಿಸಿದರೆ ಪ್ರೂಫ್‌ಲೈಕ್. ಆರು ಅಂಗುಲಕ್ಕೂ ನಿಂತರೆ ಅದಕ್ಕೂ ಮೇಲಿನ ದರ್ಜೆ, ಡೀಪ್ ಮಿರರ್. ಎರಡೂ ಬದಿ ಹಾಗಿರಬೇಕು. ಮುಂದಿನ ಅಚ್ಚು, ಹಿಂದಿನ ಅಚ್ಚು ಬೇರೆ ಬೇರೆ ಕಾಲಕ್ಕೆ ಬದಲಾಗುತ್ತಿದ್ದುದರಿಂದ ಒಂದೇ ಬದಿ ಕನ್ನಡಿಯಾದ ನಾಣ್ಯ ಬೇಕಾದಷ್ಟಿವೆ. ಅವು ಅಸಲಿಯೇ, ಬೆಲೆ ಮಾತ್ರ ಆ ಮಟ್ಟದ್ದಲ್ಲ.

ಪಾಲಿಶ್ ಆದ ಬೆಳ್ಳಿ ಹೇಗಿರುತ್ತದೆ ಅಂತ ಕಲಿಯಲು ನೀನು ದುಡ್ಡು ಖರ್ಚು ಮಾಡಬೇಕಾಗಿಲ್ಲ. ಊರಿಗೆ ಬಂದಾಗ ಅಜ್ಜಿಯ ದೇವರ ಪೆಟ್ಟಿಗೆ ತೆಗೆಸು. ವರಮಹಾಲಕ್ಷ್ಮಿ ಕಳಶದ ಮುಂದೆ ಇಡುವ ಐದನೇ ಜಾರ್ಜ್ ರೂಪಾಯಿಗಳು ವರ್ಷಾವರ್ಷ ವಿಭೂತಿ, ಹುಣಸೆಹಣ್ಣು ಕಂಡು ಕಂಡು ರಾಜನ ಗಡ್ಡವೇ ನುಣುಪಾಗಿದೆ. ಅದರಲ್ಲಿ 1918ರದ್ದೊಂದಿದೆ, ಅದನ್ನು ತಪ್ಪದೆ ನೋಡು. ಮೊದಲ ಮಹಾಯುದ್ಧದಲ್ಲಿ ಇಲ್ಲಿ ಭಾರತದಲ್ಲಿ ಬೆಳ್ಳಿಗೆ ಎಂಥ ಬರ ಬಂತೆಂದರೆ 1917ರ ನವೆಂಬರಿನಲ್ಲಿ ಸರ್ಕಾರ ಒಂದು ರೂಪಾಯಿಯ ನೋಟು ಹೊರಡಿಸಿತು. ಮರುವರ್ಷ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ 27 ಕೋಟಿ ಬೆಳ್ಳಿ ಡಾಲರು ಕರಗಿಸಿತು, ಅದರ ಬಹುಪಾಲು ಬ್ರಿಟನ್ ಮೂಲಕ ಇಲ್ಲಿಯ ಟಂಕಸಾಲೆಗಳಿಗೆ ಬಂತು. ನೀನು ಹುಡುಕುತ್ತಿರುವ ಮಾರ್ಗನ್‌ಗಳ ಒಡಹುಟ್ಟಿದವು ಅಜ್ಜಿಯ ಪೆಟ್ಟಿಗೆಯಲ್ಲಿ ಕೂತಿದ್ದರೂ ಕೂತಿರಬಹುದು. ನೋಡು, ಆದರೆ ಜೇಬಿಗೆ ಹಾಕಿಕೊಂಡು ವಿಮಾನ ಹತ್ತಬೇಡ. ನೂರು ವರ್ಷ ದಾಟಿದ ನಾಣ್ಯ ನಮ್ಮ 1972ರ ಕಾಯ್ದೆಯ ಲೆಕ್ಕದಲ್ಲಿ ಪ್ರಾಚ್ಯವಸ್ತು, ಹೊರಗೆ ಒಯ್ಯುವ ಹಾಗಿಲ್ಲ.

ಈಗ ನಿನ್ನ ಪ್ರಶ್ನೆ. 1881ರ ಸ್ಯಾನ್ ಫ್ರಾನ್ಸಿಸ್ಕೋ ನಾಣ್ಯಗಳಲ್ಲಿ ಅಸಲಿ ಕನ್ನಡಿಗಳು ಧಾರಾಳ, ಹಾಗಾಗಿ ಮಾರುವವನ ಮಾತು ನಿಜವೂ ಇರಬಹುದು. ಆದರೆ ಅಷ್ಟು ಧಾರಾಳ ಇರುವಾಗ ಬಿಡಿ ನಾಣ್ಯಕ್ಕೆ ಪ್ರೂಫ್‌ಲೈಕ್ ಬೆಲೆ ಯಾಕೆ ಕೊಡಬೇಕು? ಪಿಸಿಜಿಎಸ್ ಅಥವಾ ಎನ್‌ಜಿಸಿ ಎಂಬ ನಾಣ್ಯ ಪರೀಕ್ಷಿಸುವ ಸಂಸ್ಥೆ ನೋಡಿ, ಚೀಟಿ ಹಾಕಿ ಮುಚ್ಚಿದ ಪ್ಲಾಸ್ಟಿಕ್ ಸ್ಲ್ಯಾಬಿನಲ್ಲೇ ಒಂದನ್ನು ಮೊದಲು ಕೊಂಡುಕೋ. ಕಾಯಿನ್ ಶೋಗಳಿಗೆ ಅದನ್ನು ಜೊತೆಗೆ ಒಯ್ದು, ಬಿಡಿ ನಾಣ್ಯವನ್ನು ಅದರ ಪಕ್ಕ ಇಟ್ಟು ಒಂದೇ ದೀಪದಲ್ಲಿ ವಾಲಿಸು. ನೋಡಲು ಕೊಡದವನ ಮೇಜಿನಿಂದ ಎದ್ದು ಬಾ, ಮುಲಾಜು ಬೇಡ. ಕೊಂಡ ಬಿಡಿ ನಾಣ್ಯವನ್ನು ಅಂಚು ಹಿಡಿದೇ ಎತ್ತು, ಟೀ ಶರ್ಟಿನಿಂದ ಒರೆಸಬೇಡ. ಮೆತ್ತನೆಯ ಪಿವಿಸಿ ಲಕೋಟೆಯಲ್ಲೂ ಇಡಬೇಡ, ಕೆಲವು ವರ್ಷಕ್ಕೆ ಹಸಿರು ಜಿಡ್ಡು ಹಿಡಿಯುತ್ತದೆ.