ಒಪ್ಪತ್ತಿನ ಊಟ ಮತ್ತು ಉಂಡಿಯ ಡಬ್ಬಿ



ಶ್ರಾವಣ ಬಂತೆಂದರೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ನಮ್ಮ ಮನೆಗಳಲ್ಲಿ ಎರಡು ಕೆಲಸ ಕೂಡಿಯೇ ನಡೆಯುತ್ತವೆ. ಒಂದು ಸೋಮವಾರದ ಒಪ್ಪತ್ತು. ಇನ್ನೊಂದು ಪಂಚಮಿಯ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ತಂಬಿಟ್ಟು ಎಂದು ಡಬ್ಬಿಗಳು ತುಂಬುತ್ತವೆ. ಅದೇ ಮನೆಯಲ್ಲಿ, ಅದೇ ವಾರ, ಒಬ್ಬರು ಹಗಲೆಲ್ಲ ಉಪವಾಸವಿರುತ್ತಾರೆ. ದೇವರ ಸಲುವಾಗಿ ಮಾತ್ರವಲ್ಲ, ಮೈತೂಕ ಇಳಿಸಬೇಕೆಂದು ಒಪ್ಪತ್ತು ಮಾಡುವವರೂ ಈಗ ಇದ್ದಾರೆ. ದಿನದ 8 ತಾಸಿನೊಳಗೆ ಉಂಡು ಮುಗಿಸಿ ಉಳಿದ 16 ತಾಸು ಹೊಟ್ಟೆಗೆ ಬಿಡುವು ಕೊಡುವ ಕ್ರಮವನ್ನು ಪೇಟೆಯವರು ಹೊಸದೆಂದು ಹೇಳುತ್ತಾರೆ. ನಮ್ಮ ಒಪ್ಪತ್ತು, ಹೊತ್ತು ಮುಳುಗುವ ಮೊದಲು ಉಣ್ಣುವ ಜೈನ ಬಂಧುಗಳ ರೂಢಿ ಇವೆಲ್ಲ ಅದರ ಹಿರಿಯಣ್ಣಂದಿರೇ.

ಇಂಥ ಉಪವಾಸ ಮಾಡಿದವರ ದೂರು ಮಾತ್ರ ಬಹುತೇಕ ಒಂದೇ: “ಹಗಲೆಲ್ಲಾ ಹೆಂಗರೆ ತಡೀತೇನ್ರಿ, ಸಂಜಿ ಆತಂದ್ರ ಕೈ ತಾನ ಉಂಡಿ ಡಬ್ಬಿಗೆ ಹೋಗತೈತಿ.” ತಿಂಗಳಾದರೂ ತೂಕ ಇಳಿಯುವದಿಲ್ಲ. ತನಗೆ ಮನಸ್ಸು ಗಟ್ಟಿಯಿಲ್ಲವೆಂದು ತಮ್ಮನ್ನು ತಾವೇ ಬೈದುಕೊಂಡು ಬಿಟ್ಟುಬಿಡುತ್ತಾರೆ. ಮನಸ್ಸಿನ ಮೇಲೆ ತಪ್ಪು ಹೊರಿಸುವ ಮೊದಲು, ಮುಂಜಾನೆಯಿಂದ ಹೊಟ್ಟೆಗೆ ಏನೇನು ಹೋಗಿದೆಯೆಂದು ಲೆಕ್ಕ ಹಾಕಿ ನೋಡುವದು ಲೇಸು.

ಚಹದ ಲೆಕ್ಕ

ಎದ್ದ ಕೂಡಲೇ ಒಂದು ಚಹ, ಹೊಲಕ್ಕೆ ಹೊರಡುವಾಗ ಒಂದು, ಬಸ್ ಸ್ಟ್ಯಾಂಡಿನ ಹೊಟೆಲಿನಲ್ಲಿ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ‘ಉಪವಾಸ’ದ ದಿನ ಇವು ಕಡಿಮೆಯಾಗುವದಿಲ್ಲ, ಹೆಚ್ಚಾಗುತ್ತವೆ. ಒಂದು ಚಹಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ ಸುಮಾರು 5 ಗ್ರಾಂ ಎಂದು ಹಿಡಿಯಿರಿ. ಐದು ಚಹಕ್ಕೆ 50 ಗ್ರಾಂ ಆಯಿತು. ತಿಂಗಳಿಗೆ ಒಂದೂವರೆ ಕಿಲೊ! ಕಿರಾಣಿ ಅಂಗಡಿಯ ಚೀಟಿಯಲ್ಲಿ ಕಾಣುವ ಈ ಸಕ್ಕರೆ ಒಪ್ಪತ್ತು ಮಾಡುವವರ ಲೆಕ್ಕದಲ್ಲಿ ಮಾತ್ರ ಕಾಣುವದಿಲ್ಲ. ದಿನಕ್ಕೆ 2000 ಕ್ಯಾಲರಿ ಆಹಾರ ತಿನ್ನುವವರಿಗೆ ಈ ತೆರನ ಸಕ್ಕರೆ ಎಲ್ಲ ಸೇರಿ 50 ಗ್ರಾಂ ದಾಟಬಾರದು, 25 ಗ್ರಾಮಿನೊಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಅಳತೆ. ಅಂದರೆ ಉಂಡಿಯ ಡಬ್ಬಿ ತೆರೆಯುವ ಮೊದಲೇ ನಮ್ಮ ಪಾಲು ಮುಗಿದಿರುತ್ತದೆ.

ಇದರಲ್ಲಿ ಇನ್ನೊಂದು ತೊಡಕಿದೆ. ಬರಿಹೊಟ್ಟೆಗೆ ಸಿಹಿ ಚಹ ಬಿದ್ದಾಗ ರಕ್ತದಲ್ಲಿ ಸಕ್ಕರೆ ಬೇಗನೆ ಏರುತ್ತದೆ, ಕೆಲವರಲ್ಲಿ ಅಷ್ಟೇ ಬೇಗನೆ ಇಳಿಯುತ್ತದೆ. ಇಳಿದಾಗ ಮತ್ತೆ ಸಿಹಿ ಬೇಕೆನಿಸುತ್ತದೆ. ಆದ್ದರಿಂದ ಉಪವಾಸದ ತಾಸುಗಳಲ್ಲಿ ನೀರು, ಸಕ್ಕರೆಯಿಲ್ಲದ ಕರಿ ಚಹ ಇಷ್ಟೇ ಸಾಕು. ಸಕ್ಕರೆ ಒಮ್ಮೆಲೇ ಬಿಡಲಾಗದವರು ವಾರಕ್ಕೆ ಅರ್ಧ ಚಮಚದಂತೆ ಇಳಿಸಲಿ. ಒಂದೆರಡು ತಿಂಗಳಲ್ಲಿ ನಾಲಗೆ ಹೊಂದಿಕೊಂಡು, ಹಳೆಯ ಚಹ ಪಾಯಸದಂತೆ ತೋರತೊಡಗುತ್ತದೆ. ಸಕ್ಕರೆಯ ಬದಲು ಸಿಹಿ ಗುಳಿಗೆ ಹಾಕಿಕೊಳ್ಳಬಹುದೇ ಎಂದು ಕೇಳುವವರುಂಟು. ತೂಕ ಇಳಿಸುವ ಸಲುವಾಗಿ ಅವನ್ನು ಬಳಸುವದು ಬೇಡವೆಂದು ಅದೇ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ.

ಬೆಲ್ಲವಾದರೆ ಅಡ್ಡಿಯಿಲ್ಲವೆಂಬ ಮಾತೂ ಇದೆ. ಬೆಲ್ಲದಲ್ಲಿ ತುಸು ಕಬ್ಬಿಣದ ಅಂಶ ಇರಬಹುದು. ಆದರೆ ಅದರ ಬಹುಭಾಗ ಸಕ್ಕರೆಯೇ. ತೂಕದ ಲೆಕ್ಕದಲ್ಲಿ ಎರಡೂ ಒಂದೇ ಗಾಡಿಯ ಎತ್ತುಗಳು.

ಮೊದಲ ಊಟ ಗಟ್ಟಿಯಾಗಿರಲಿ

ಸಂಜೆಯ ಸಿಹಿಯಾಸೆಯ ಬೇರು ಮುಂಜಾನೆಯ ಊಟದಲ್ಲಿದೆ. ಉಪವಾಸದ ಫಲಾಹಾರವೆಂದು ನಾವು ತಿನ್ನುವದೇನು? ಸಾಬೂದಾಣಿ, ಬಾಳೆಹಣ್ಣು, ಹಾಲು ಸಕ್ಕರೆ. ಸಾಬೂದಾಣಿ ಬರೀ ಪಿಷ್ಟ; ಅದರಲ್ಲಿ ಕಾಳಿನ ಸತ್ವವೂ ಇಲ್ಲ, ನಾರೂ ಇಲ್ಲ. ತಿಂದ ಎರಡು ತಾಸಿಗೆ ಹೊಟ್ಟೆ ಖಾಲಿಯೆನಿಸಿದರೆ ಅದರಲ್ಲಿ ಆಶ್ಚರ್ಯವೇನು?

ತೂಕಕ್ಕಾಗಿ ಉಪವಾಸ ಮಾಡುವವರಿಗೆ ನಮ್ಮ ಬುತ್ತಿಯ ಊಟಕ್ಕಿಂತ ಮಿಗಿಲಾದದ್ದು ಬೇಕಿಲ್ಲ. ಮುಂಜಾನೆ 10ಕ್ಕೆ ಎರಡು ಜೋಳದ ರೊಟ್ಟಿ, ಹೆಸರುಕಾಳು ಇಲ್ಲವೆ ಮಡಿಕೆಕಾಳಿನ ಪಲ್ಯ ಇಲ್ಲವೆ ಝುಣಕ, ಕಡೆಗೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತೆ ಸೊಪ್ಪು, ಮೇಲೆ ಒಂದು ಬಟ್ಟಲು ಮೊಸರು. ಕಾಳು ಮತ್ತು ನಾರು ಹೊಟ್ಟೆಯಲ್ಲಿ ನಿಲ್ಲುತ್ತವೆ. ಸಂಜೆ 6ರೊಳಗೆ ಇದೇ ತೆರನ ಎರಡನೆಯ ಊಟ. ಹಂಗಾಮಿನ ದಿನ 6ಕ್ಕೆ ಮನೆ ಮುಟ್ಟುವದು ಆಗುವದಿಲ್ಲವೆಂಬುದು ನಿಜ. ಆಗ 11ರಿಂದ 7 ಎಂದು ಸರಿಸಿಕೊಳ್ಳಿರಿ. ಗಡಿಯಾರಕ್ಕಿಂತ ರೂಢಿ ಮುಖ್ಯ. ಕಳೆ ತೆಗೆಯುವ, ರಾಶಿ ಮಾಡುವ ಬಿಸಿಲಿನ ದಿನಗಳಲ್ಲಿ ಉಪವಾಸವನ್ನೇ ಬಿಟ್ಟರೂ ಕಳೆದುಕೊಳ್ಳುವದೇನಿಲ್ಲ.

ಹಾಗಾದರೆ ಉಂಡಿ ತಿನ್ನಲೇಬಾರದೇ? ತಿನ್ನಬಹುದು, ಆದರೆ ಊಟದ ಕೊನೆಗೆ, ಎಲೆಯ ಮೇಲೆಯೇ, ಒಂದು. 40 ಗ್ರಾಂ ತೂಗುವ ಒಂದು ಶೇಂಗಾ ಉಂಡಿಯಲ್ಲಿ ಸುಮಾರು 190 ಕ್ಯಾಲರಿ ಇರುತ್ತದೆ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 170. ಉಂಡಿ ತಿಂದ ದಿನ ಒಂದು ರೊಟ್ಟಿ ಕಡಿಮೆ ಮಾಡಿದರೆ ಲೆಕ್ಕ ಸರಿಯಾಗುತ್ತದೆ. ಊಟದ ನಡುವಿನ ಹೊತ್ತಿನಲ್ಲಿ ಡಬ್ಬಿಯಿಂದ ನಿಂತೇ ತಿಂದ ಮೂರು ಉಂಡಿಗಳಿಗೆ ಮಾತ್ರ ಯಾವ ಲೆಕ್ಕವೂ ಇರುವದಿಲ್ಲ. ತಾಯಂದಿರಲ್ಲಿ ಒಂದು ವಿನಂತಿ: ಡಬ್ಬಿಯನ್ನು ಕೈಗೆಟಕುವ ಮಾಡದಲ್ಲಿ ಇಡದೆ ಅಟ್ಟಕ್ಕೆ ಏರಿಸಿರಿ. ಬೀಗರು ಬಂದಾಗ ‘ಒಂದರೆ ತಿನ್ನಬೇಕು’ ಎಂದು ಒತ್ತಾಯ ಮಾಡುವ ನಮ್ಮ ಪದ್ಧತಿಯ ಬಗ್ಗೆ ಏನು ಹೇಳೋಣ! ‘ಊಟದ ಕೂಡ ತಿಂತೇನ್ರಿ’ ಎಂದರೆ ಯಾರೂ ಸಿಟ್ಟಾಗುವದಿಲ್ಲ.

ಹೊತ್ತಲ್ಲದ ಹೊತ್ತಿನಲ್ಲಿ ಆಸೆ ಬಂದರೆ ಕಾಲು ತಾಸು ತಡೆದು ನೋಡಿರಿ. ದಿನಾಲು ತಿನ್ನುವ ಹೊತ್ತಿಗೆ ಹೊಟ್ಟೆ ತಾನಾಗಿ ಹಸಿವೆಯ ಸುದ್ದಿ ಕಳಿಸುತ್ತದೆ. ಕೊಡದಿದ್ದರೆ ತುಸು ಹೊತ್ತಿಗೆ ಸುಮ್ಮನಾಗುತ್ತದೆ. ನೀರು ಕುಡಿದು, ದನಗಳಿಗೆ ಮೇವು ಹಾಕಿ ಬರುವದರೊಳಗೆ ಅರ್ಧ ಆಸೆ ಹೋಗಿರುತ್ತದೆ. ರಾತ್ರಿ ನೀರು ಬಿಡಲು ಎದ್ದು ನಿದ್ದೆಗೆಟ್ಟ ಮರುದಿನ ಸಿಹಿಯಾಸೆ ಹೆಚ್ಚು. ಅಂದು ಉಪವಾಸ ಬೇಡ.

ಉಪವಾಸದಲ್ಲಿಯೇ ಏನೋ ಮಾಯೆಯಿದೆ ಎಂದು ನಂಬಬಾರದು. ಚೀನದ ಗ್ವಾಂಗ್‌ಝೌ ನಗರದಲ್ಲಿ 139 ಜನ ಸ್ಥೂಲಕಾಯರನ್ನು ಒಂದು ವರ್ಷ ಪರೀಕ್ಷಿಸಿ 2022ರಲ್ಲಿ ಫಲ ಪ್ರಕಟಿಸಿದರು. ಎರಡು ಗುಂಪಿನವರೂ ಆಹಾರ ಕಡಿಮೆ ಮಾಡಿದರು. ಒಂದು ಗುಂಪು ಮಾತ್ರ ಮುಂಜಾನೆ 8ರಿಂದ ಸಂಜೆ 4ರೊಳಗೆ ಉಂಡಿತು. ಆ ಗುಂಪಿನ ತೂಕ ಸರಾಸರಿ 8 ಕಿಲೊ ಇಳಿಯಿತು, ಇನ್ನೊಂದರದು 6.3 ಕಿಲೊ, ಈ ಅಂತರ ನೆಚ್ಚುವಷ್ಟು ದೊಡ್ಡದಲ್ಲವೆಂದು ತೀರ್ಮಾನವಾಯಿತು. ಹೊತ್ತು ಕಟ್ಟಿಕೊಂಡರೆ ತಿನ್ನುವದು ಕಡಿಮೆಯಾಗುವದಾದರೆ ಕಟ್ಟಿಕೊಳ್ಳಿರಿ, ಇಲ್ಲವಾದರೆ ಮೂರು ಹೊತ್ತು ತುಸು ತುಸು ಉಂಡರೂ ನಡೆದೀತು.

ಮಧುಮೇಹದ ಗುಳಿಗೆ ನುಂಗುವವರು ಓದಲೇಬೇಕು

ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಮೀಕ್ಷೆ ಅಂದಾಜು ಮಾಡಿದೆ. ಹಳ್ಳಿಗಳೂ ಅದರಲ್ಲಿ ಸೇರಿವೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡಿನಂಥ ಗುಳಿಗೆ ನುಂಗುವವರು ಡಾಕ್ಟರರನ್ನು ಕೇಳದೆ ಒಪ್ಪತ್ತು ಮಾಡಲೇಕೂಡದು. ಗುಳಿಗೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬಸುರಿಯರು, ಮೊಲೆಯೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ತೂಕಕ್ಕಾಗಿ ಉಪವಾಸ ಮಾಡತಕ್ಕದ್ದಲ್ಲ.

ಬರೀ ಸಿಹಿಯಾಸೆಗೂ ಈ ಇಳಿತಕ್ಕೂ ಇರುವ ಭೇದವನ್ನು ಮನೆಯವರೆಲ್ಲ ತಿಳಿದಿರಬೇಕು. ಆಸೆ ನಾಲಗೆಯದು, ತಡೆದರೆ ಹೋಗುತ್ತದೆ. ಇಳಿತವಾದಾಗ ತಣ್ಣಗೆ ಬೆವರು, ಕೈನಡುಕ, ಎದೆ ಹೊಡೆದುಕೊಳ್ಳುವದು, ಕಣ್ಣು ಮಂಜು, ಮಾತು ತಡವರಿಕೆ. ಹೊಲದಲ್ಲಿ ಇದನ್ನು ಬಿಸಿಲಿನ ಬಾಧೆಯೆಂದು ತಿಳಿದು ನೆರಳಿಗೆ ಮಲಗಿಸಿ ಬಿಡುವದುಂಟು; ಅದು ಪ್ರಾಣಕ್ಕೆ ಎರವಾದೀತು. ಆಗ ತಡೆಯುವ ಮಾತೇ ಇಲ್ಲ, ಒಪ್ಪತ್ತನ್ನು ಅಲ್ಲಿಗೇ ಮುರಿಯಬೇಕು. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಸಿರಿ. ಉಂಡಿ ಕೊಡಬೇಡಿರಿ, ಶೇಂಗಾದ ಎಣ್ಣೆಯಿಂದಾಗಿ ಅದರ ಸಿಹಿ ರಕ್ತಕ್ಕೆ ತಡವಾಗಿ ಸೇರುತ್ತದೆ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕುಡಿಸಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನು ಮಾಡಿರಿ. ಸುಧಾರಿಸಿಕೊಂಡವರಿಗೆ ಒಂದು ರೊಟ್ಟಿ ಪಲ್ಯ ತಿನ್ನಿಸಿ, ಮರುದಿನವೇ ಗುಳಿಗೆಯ ಚೀಟಿಯೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿರಿ. ಅಂಥವರ ಬುತ್ತಿಯ ಗಂಟಿನಲ್ಲಿ ಸಕ್ಕರೆಯ ಒಂದು ಸಣ್ಣ ಪೊಟ್ಟಣ ದಿನಾಲು ಇರಲಿ.