ಯಕೃತ್ತಿನ ಹುಳುವಿನ ಕಿಣ್ವಗಳೂ ದನಗಳ ರೋಗನಿರೋಧಕ ಶಕ್ತಿಯೂ

ಸಾರಕ್ಕಿ, ಯಡಿಯೂರು, ಮಡಿವಾಳ ಮೊದಲಾದ ಹಳೆಯ ಊರುಗಳು ಇಂದು ಬೆಂಗಳೂರಿನ ಬಡಾವಣೆಗಳ ನಡುವೆ ಸೇರಿಹೋಗಿವೆ. ಆದರೂ ನಗರದ ದಕ್ಷಿಣ ಭಾಗದಲ್ಲಿ ಹಸು ಸಾಕುವವರು ಇಂದಿಗೂ ಉಂಟು. ಬೇಸಗೆಯಲ್ಲಿ ಮೇವು ದುರ್ಲಭವಾದಾಗ ಕೆರೆಯಂಚಿನ ಹಸುರು ಹುಲ್ಲು ಸುಲಭವಾಗಿ ದೊರೆಯುವುದು. ಆದರೆ ರೋಗವಾಹಕ ಬಸವನಹುಳುಗಳಿರುವ ಕೆರೆಯಲ್ಲಿ ಈ ಹುಲ್ಲಿನ ಮೂಲಕವೇ ಫ್ಯಾಸಿಯೋಲಾ ಜೈಗಾಂಟಿಕಾ ಎಂಬ ಚಪ್ಪಟೆ ಹುಳು ದನದ ಉದರವನ್ನು ಸೇರಬಹುದು.

ಎಳೆಯ ಹುಳುಗಳು ಕರುಳಿನ ಗೋಡೆಯನ್ನು ಭೇದಿಸಿ ಯಕೃತ್ತನ್ನು ಹೊಕ್ಕು, ಕಡೆಗೆ ಪಿತ್ತನಾಳಗಳಲ್ಲಿ ನೆಲೆಸುವುವು. ಈ ಪ್ರಯಾಣಕ್ಕೆ ಅವುಗಳ ಆಯುಧವು ಕೆಥೆಪ್ಸಿನ್ ಎಂಬ ಕಿಣ್ವ. ಇದು ದೇಹದ ಮಾಂಸಕಣಗಳನ್ನು ಕರಗಿಸುವುದಲ್ಲದೆ ರಕ್ಷಣೆಯನ್ನೂ ಕೆಡಿಸುವುದು. ರಕ್ತದಲ್ಲಿನ ಪ್ರತಿಕಾಯವು ಒಂದು ತುದಿಯಿಂದ ಹುಳುವನ್ನು ಹಿಡಿದು, ಮತ್ತೊಂದು ತುದಿಯಿಂದ ಬಿಳಿಯ ರಕ್ತಕಣವನ್ನು ಬರಮಾಡಿಕೊಳ್ಳುವುದು. ಕಿಣ್ವವು ಇದನ್ನು ನಡುವೆಯೇ ಕತ್ತರಿಸಿದರೆ ರಕ್ತಕಣವು ಹುಳುವಿಗೆ ಅಂಟಲಾರದು. ಶೀತದೇಶಗಳ ಸೋದರ ಜಾತಿಯ ಹುಳುವಿನಲ್ಲಿ ಈ ಸಂಗತಿಯು 1993ರಲ್ಲಿ ಪ್ರಯೋಗದಿಂದ ತಿಳಿದುಬಂದಿತು. ಪೆರಾಕ್ಸಿರೆಡಾಕ್ಸಿನ್ ಎಂಬ ಇನ್ನೊಂದು ಕಿಣ್ವವು ರಕ್ತಕಣಗಳು ಹೊರಚೆಲ್ಲುವ ದಾಹಕ ವಸ್ತುಗಳನ್ನು ನಿರ್ವೀರ್ಯಗೊಳಿಸುವುದು.

ಇದರ ಪರಿಣಾಮವು ಯಕೃತ್ತಿಗೆ ಮಾತ್ರ ಸೀಮಿತವಲ್ಲ. ಹುಳುವು ದನದ ರೋಗನಿರೋಧಕ ಶಕ್ತಿಯನ್ನು ಬೇರೆ ದಾರಿಗೆ ತಿರುಗಿಸುವುದರಿಂದ ಕ್ಷಯದಂತಹ ರೋಗಗಳನ್ನು ಎದುರಿಸುವ ಬಲವು ಕುಗ್ಗುವುದು. ಹುಳು ತಗಲಿದ ಹಸುವಿನಲ್ಲಿ ಕ್ಷಯದ ಚರ್ಮಪರೀಕ್ಷೆಯು ರೋಗವನ್ನು ತೋರಿಸದೆ ಹೋಗಬಹುದೆಂದು, ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಹಿಂಡುಗಳನ್ನು ಕುರಿತು 2012ರಲ್ಲಿ ಪ್ರಕಟವಾದ ಸಂಶೋಧನೆಯು ಸೂಚಿಸಿತು. ಹೀಗೆ ಬಚ್ಚಿಟ್ಟ ಕ್ಷಯವು ಹಿಂಡಿಗೂ, ಹಸಿಹಾಲು ಕುಡಿಯುವವರಿಗೂ ಅಪಾಯಕರ.

ಈ ಕಿಣ್ವಗಳನ್ನೇ ಲಸಿಕೆಯಾಗಿ ಬಳಸುವ ಪ್ರಯತ್ನಗಳು ನಡೆದಿದ್ದರೂ ಅವುಗಳಿಂದ ಭಾಗಶಃ ರಕ್ಷಣೆ ಮಾತ್ರ ದೊರೆತಿದೆ. ಮಾರುಕಟ್ಟೆಗೆ ಲಸಿಕೆಯು ಬಂದಿಲ್ಲ. ಆದುದರಿಂದ ಮುನ್ನೆಚ್ಚರಿಕೆಯೇ ಮುಖ್ಯೋಪಾಯ. ನೀರಿನಂಚಿನ ಹುಲ್ಲನ್ನು ಹಸಿಯಾಗಿ ತಿನ್ನಿಸಕೂಡದು. ಸಗಣಿಯನ್ನು ಕೆರೆಗೆ ಸೇರಿಸದೆ ಗುಂಡಿಯಲ್ಲಿ ಕೊಳೆಯಿಸತಕ್ಕದ್ದು. ಹಸು ಬಡಕಲಾದರೆ, ಹಾಲು ಇಳಿದರೆ, ದವಡೆಯ ಕೆಳಗೆ ನೀರು ತುಂಬಿದ ಬಾವು ಕಂಡರೆ ಸಗಣಿಯನ್ನು ಪರೀಕ್ಷೆ ಮಾಡಿಸಬೇಕು. ಹುಳುವು ಮೊಟ್ಟೆಯಿಡಲು 3ರಿಂದ 4 ತಿಂಗಳು ಹಿಡಿಯುವುದರಿಂದ, ಮೊದಲ ಪರೀಕ್ಷೆಯಲ್ಲಿ ಮೊಟ್ಟೆ ಕಾಣದಿದ್ದಮಾತ್ರಕ್ಕೆ ನಿಶ್ಚಿಂತರಾಗಬಾರದು. ಕೆಲವು ಔಷಧಗಳು ಬಲಿತ ಹುಳುಗಳನ್ನಷ್ಟೇ ಕೊಲ್ಲುವುವು. ಯಾವುದನ್ನು ಎಷ್ಟು ಕೊಡಬೇಕೆಂಬುದನ್ನೂ, ಎಷ್ಟು ದಿನ ಹಾಲನ್ನು ಬಳಸಬಾರದೆಂಬುದನ್ನೂ ಪಶುವೈದ್ಯರಿಂದಲೇ ತಿಳಿಯತಕ್ಕದ್ದು.